ಆಮೆನ್ ಮರೆತ ಸುಂದ್ರವ್ವ

ದೇವರಿಗೆ ಎಲ್ಲವೂ ಗೊತ್ತು ಎಂದು ಹೇಳುವವರೇ ಹೆಚ್ಚು. ನಮ್ಮ ಸುಂದ್ರವ್ವನಿಗೆ ಆ ವಿಷಯದಲ್ಲಿ ಅಷ್ಟೊಂದು ಭರವಸೆ ಇರಲಿಲ್ಲ. ದೇವರು ದೊಡ್ಡವನು, ದಯಾವಂತ, ಅದಕ್ಕೆ ಅವಳ ತಕರಾರಿಲ್ಲ. ಆದರೆ ಅವನ ಮೇಲೆ ಕೆಲಸ ಬಹಳ, ಊರುಗಳು ಬಹಳ, ಒಂದೇ ಹೆಸರಿನ ಜನ ಬಹಳ. ಪಾಪ, ಅವನಾದರೂ ಎಷ್ಟು ನೆನಪಿಡಬೇಕು? ಆದ್ದರಿಂದ ಪ್ರಾರ್ಥನೆ ಮಾಡುವಾಗ ಅವಳು ಪೂರ್ತಿ ವಿಳಾಸ ಹೇಳುತ್ತಿದ್ದಳು.

"ಯೇಸಪ್ಪಾ, ನಮ್ಮ ಭೀಮರಾಯನ ಮೊಣಕಾಲ ನೋವ ಕಡಿಮಿ ಮಾಡು. ಊರಾಗ ಇಬ್ರು ಭೀಮರಾಯ ಅದಾರ. ನಾ ಹೇಳಾಕತ್ತಿದ್ದು ಕುರಿ ಕಾಯೂ ಭೀಮರಾಯಂದು. ನೀರಿನ ಟಾಕಿ ಬಾಜೂಕ ಮನಿ. ಎಡಗಾಲು."

ನಾನು ವಿಜಯಲಕ್ಷ್ಮಿ, ಮೇಲವಂಕಿಯ ಅಂಗನವಾಡಿ ಟೀಚರು. ಸುಂದ್ರವ್ವ ನನ್ನ ಸಹಾಯಕಿ. ಮಕ್ಕಳಿಗೆ ಅಕ್ಷರ ಕಲಿಸುವುದು, ಮೂಗು ಒರೆಸುವುದು, ಬೈಯುವುದು ನನ್ನ ಕೆಲಸ. ಕಸ ಹೊಡೆದು, ಅಡುಗೆ ಮಾಡಿ, ನಾನು ಬೈದ ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ರಮಿಸುವುದು ಅವಳದು. ಹೀಗಾಗಿ ಊರಿನ ಮಕ್ಕಳೆಲ್ಲ ಅವಳ ಕಡೆ, ನನ್ನ ಕಡೆ ಗೋಡೆಯ ಮೇಲಿನ ಚಾರ್ಟು ಮಾತ್ರ. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ್ದೇವೆ. ಅವಳ ಮೇಲೆ ನಾನು ಸಿಟ್ಟಾಗದ ವಾರವಿಲ್ಲ, ಅವಳಿಲ್ಲದ ದಿನ ನನಗೆ ಸರಿಹೋಗಿದ್ದೂ ಇಲ್ಲ.

ನಮ್ಮದು ಹಾಲುಮತದ ಮನೆ, ಮನೆದೇವರು ಬೀರಪ್ಪ. ಸುಂದ್ರವ್ವನ ಗಂಡನ ಮನೆಯವರು ಮುತ್ತಜ್ಜನ ಕಾಲದಿಂದ ಕ್ರೈಸ್ತರು. ಮಕ್ಕಳಿಗೆ ಕೈ ಮುಗಿಯಿರಿ, ಕಣ್ಣು ಮುಚ್ಚಿರಿ ಎಂದು ಅವಳು ಒಂದು ದಿನವೂ ಹೇಳಿದ್ದಿಲ್ಲ. ಒಲೆಯ ಮುಂದೆ ಕಿಚಡಿ ತಿರುವುತ್ತ ತನ್ನ ಪಾಡಿಗೆ ತಾನು ಮಾತಾಡಿಕೊಳ್ಳುವಳು. ತನ್ನ ಪಾಡಿಗೆ ಎಂದು ಅವಳು ತಿಳಿದುಕೊಂಡಿದ್ದಳು, ಅಷ್ಟೇ. ಅವಳ ಗಂಟಲು ಎಂಥದೆಂದರೆ ರಸ್ತೆಯಲ್ಲಿ ಹೋಗುವವರೂ ನಿಂತು ಕೇಳುತ್ತಿದ್ದರು. ಯಾರ ಮನೆಯ ಎಮ್ಮೆ ಈಯಿತು, ಯಾರ ಬೋರಿನಲ್ಲಿ ನೀರು ಇಳಿಯಿತು, ಯಾರ ಮಗಳನ್ನು ನೋಡಲು ಹುಕ್ಕೇರಿಯಿಂದ ವರ ಬಂದ ಎಂಬುದೆಲ್ಲ ನಮಗೆ ತಿಳಿಯುತ್ತಿದ್ದುದು ಸುಂದ್ರವ್ವನ ಪ್ರಾರ್ಥನೆಯಿಂದಲೇ.

ಒಂದು ಸಲ ತಪಾಸಣೆಗೆ ಬಂದ ಸೂಪರ್‌ವೈಸರ್ ಬಾಯಿಯವರು ಬಾಗಿಲಲ್ಲೇ ನಿಂತಿದ್ದರು. ಇವಳಿಗೆ ಬೆನ್ನ ಹಿಂದೆ ಯಾರಿದ್ದಾರೆಂಬ ಅರಿವಿಲ್ಲ. "ಯೇಸಪ್ಪಾ, ಈ ಸಲದ ಬ್ಯಾಳ್ಯಾಗ ಬರೇ ಹುಳಾ. ಆ ಸೂಪರ್‌ವೈಜರ್ ಬಾಯಾರ ಕಣ್ಣಿಗೆ ಬೀಳವಲ್ದು. ಅವರ ಚಸ್ಮಾದ ನಂಬರ ಏನರ ಬದಲಾಗೇತೇನೋ, ನೀನ ನೋಡು." ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆ ಬಾಯಿಯವರು ಮಾತ್ರ ನಕ್ಕುಬಿಟ್ಟರು. ಮುಂದಿನ ತಿಂಗಳು ಚೆನ್ನಾದ ಬೇಳೆ ಬಂತು. ಸುಂದ್ರವ್ವ ಅದನ್ನು ಯೇಸಪ್ಪನ ಲೆಕ್ಕಕ್ಕೇ ಹಾಕಿದಳು.

ಈ ವಿಳಾಸ ಹೇಳುವ ರೂಢಿ ಅವಳಿಗೆ ಬಂದದ್ದು ಅತ್ತೆಯಿಂದ. ಸುಂದ್ರವ್ವನ ತವರು ಮೂಡಲಗಿ ಕಡೆಯ ಹಳ್ಳಿ. ತಾಯಿಯಿಲ್ಲದ ಹುಡುಗಿ. ಅಲ್ಲಪ್ಪನನ್ನು ಮದುವೆಯಾಗಿ ಮೇಲವಂಕಿಗೆ ಬಂದಾಗ ಅತ್ತೆ ಕೆಂಪವ್ವನಿಗೆ ಆಗಲೇ ಕಣ್ಣು ಮಂಜು, ಮುಂದೆ ಪೂರಾ ಕತ್ತಲಾಯಿತು. ಮುದುಕಿ ಹೊರಸಿನ ಮೇಲೆ ಕೂತು, ಯಾರು ಬಂದರು, ಯಾವ ಮನೆಯವರು, ಮುಖ ಹೇಗಿದೆ, ಊಟ ಮಾಡಿದ್ದಾರೋ ಇಲ್ಲವೋ ಎಂದು ಕೇಳುವಳು. ಸೊಸೆ ಎಲ್ಲವನ್ನೂ ಬಿಡಿಸಿ ಹೇಳುವಳು. ಮುದುಕಿ ಕೇಳಿ, ಬಂದವರ ಕೈ ಹಿಡಿದು, ಅವರಿಗಾಗಿ ಪ್ರಾರ್ಥಿಸುವಳು. ಆಕೆ ತೀರಿಕೊಂಡ ಮೇಲೆ ಊರಿನ ಸಂಕಟವನ್ನು ಹೇಳಿಕೊಳ್ಳಲು ಸುಂದ್ರವ್ವನಿಗೆ ಯಾರೂ ಉಳಿಯಲಿಲ್ಲ. ನೇರವಾಗಿ ಯೇಸಪ್ಪನಿಗೇ ಹೇಳತೊಡಗಿದಳು, ಅತ್ತೆಗೆ ಹೇಳುತ್ತಿದ್ದ ಹಾಗೆಯೇ.

ಅವಳ ಪ್ರಾರ್ಥನೆಗೆ ಜಾತಿಯ ಬೇಲಿ ಇರಲಿಲ್ಲ. ನನ್ನ ಮಗಳು ದೀಪಾಗೆ ಮದುವೆಯಾಗಿ ಬಹಳ ದಿನ ಮಕ್ಕಳಾಗದಿದ್ದಾಗ ಅವಳನ್ನು ನಮ್ಮ ಅಡುಗೆಮನೆಯಲ್ಲಿ ಕೂರಿಸಿಕೊಂಡು, ತಲೆಯ ಮೇಲೆ ಕೈಯಿಟ್ಟು ಸುಂದ್ರವ್ವ ಅತ್ತಿದ್ದಳು. ಹೌದು, ಅತ್ತಿದ್ದಳು. ಪರರ ಮಗಳಿಗಾಗಿ ಹಾಗೆ ಅಳುವವರನ್ನು ನಾನು ನೋಡಿರಲಿಲ್ಲ. ಮುಂದೆ ದೀಪಾ ಹೆತ್ತಳು. ಗೋಕಾಕದ ಡಾಕ್ಟರರ ಔಷಧದಿಂದಲೋ, ನಮ್ಮ ಬೀರಪ್ಪನ ಕೃಪೆಯಿಂದಲೋ, ಸುಂದ್ರವ್ವನ ಯೇಸಪ್ಪನಿಂದಲೋ ಎಂದು ನಾನು ವಾದಕ್ಕಿಳಿಯಲು ಹೋಗಿಲ್ಲ. ಮೂವರಿಗೂ ಕೈ ಮುಗಿದಿದ್ದೇನೆ. ಆದರೆ ಊರಿನಲ್ಲಿ ಸುದ್ದಿ ಹಬ್ಬಿತು. ಬಸಿರು ನಿಲ್ಲದವರು, ಮಗುವಿಗಾಗಿ ಹಂಬಲಿಸುವವರು ಅಂಗನವಾಡಿಯ ಹಿಂದಿನ ಬಾಗಿಲಿಗೆ ಬರತೊಡಗಿದರು. ಕೆಲವರಿಗೆ ಮಕ್ಕಳಾದವು. ಆಗದವರೂ ಇದ್ದರು, ಅವರ ಸುದ್ದಿ ಯಾರೂ ಎತ್ತಲಿಲ್ಲ.

ಸುಂದ್ರವ್ವನ ಒಬ್ಬನೇ ಮಗ ಬಾಳೇಶ. ಮೂಡಲಗಿಯಲ್ಲಿ ಸುಟ್ಟುಹೋದ ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ಅವನ ಹೆಂಡತಿ ಮಯೂರಿ, ಕಣಗಲಾದ ಹುಡುಗಿ. ಆ ಹುಡುಗಿ ಬಂದ ಮೇಲೆ ಆ ಮನೆಯ ಬಣ್ಣವೇ ಬದಲಾಯಿತು. ಬ್ಲೌಸು ಹೊಲಿಯುತ್ತಾಳೆ, ಹಾಡುತ್ತಾಳೆ, ಅತ್ತೆಯನ್ನು ಅಣಕಿಸಿ ನಗಿಸುತ್ತಾಳೆ. ನಮ್ಮ ಬೇಲಿಯಾಚೆ ನಡೆಯುವ ಭಾನುವಾರದ ಪ್ರಾರ್ಥನಾ ಸಭೆಯಲ್ಲಿ ಖಂಜರಿ ಬಡಿದು ಹಾಡು ಎತ್ತಿದಳೆಂದರೆ ನಮ್ಮ ಮನೆಯ ಹಿತ್ತಿಲಲ್ಲಿ ಬಟ್ಟೆ ಒಗೆಯುವ ನನ್ನ ಕೈಯೂ ಅದೇ ತಾಳಕ್ಕೆ ಬೀಳುತ್ತಿತ್ತು. ಅತ್ತೆ ಸೊಸೆ ಒಂದೇ ತಾಟಿನಲ್ಲಿ ಉಣ್ಣುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಸ್ವಲ್ಪ ಹೊಟ್ಟೆಕಿಚ್ಚೂ ಪಟ್ಟಿದ್ದೇನೆ.

ವರ್ಷಗಳು ಹೋದವು. ಮಯೂರಿಗೆ ಮಕ್ಕಳಾಗಲಿಲ್ಲ. ಊರಿನ ಹೆಂಗಸರ ನಾಲಿಗೆಗೆ ಕೆಲಸ ಸಿಕ್ಕಿತು. "ಊರಿಗೆಲ್ಲಾ ಕೂಸ ಕೊಡಿಸ್ತಿ, ನಿನ್ನ ಮನ್ಯಾಗ ಯಾಕ ತೊಟ್ಟಲಾ ತೂಗವಲ್ದವಾ?" ಎಂದು ಸುಂದ್ರವ್ವನನ್ನು ನಲ್ಲಿಯ ಮುಂದೆ ನಿಲ್ಲಿಸಿಕೊಂಡು ಕೇಳುವರು. ಅವಳು ಅದನ್ನು ಎದೆಗೆ ಹಚ್ಚಿಕೊಂಡಳು. ದೇವರಿಗೆ ತನ್ನ ಮನೆಯ ವಿಳಾಸವನ್ನೇ ಸರಿಯಾಗಿ ಹೇಳಿಲ್ಲವೇನೋ ಎಂಬಂತೆ, ಇನ್ನಷ್ಟು ಗಟ್ಟಿಯಾಗಿ, ಇನ್ನಷ್ಟು ವಿವರವಾಗಿ ಪ್ರಾರ್ಥಿಸತೊಡಗಿದಳು.

ಅವರ ಸಭೆಯಲ್ಲಿ ಒಂದು ಪದ್ಧತಿ ಇದೆ. ಪಾಸ್ಟರ್ ಶಿವಪುತ್ರ ಅವರ ಪ್ರಸಂಗ, ಅಂದರೆ ಪ್ರವಚನ, ಮುಗಿದ ಮೇಲೆ, ಬೇಕಾದವರು ಒಬ್ಬೊಬ್ಬರಾಗಿ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಪ್ರಾರ್ಥಿಸಬೇಕು. ಉಳಿದವರು ಕಣ್ಣು ಮುಚ್ಚಿ, ಕೊನೆಗೆ ಒಟ್ಟಾಗಿ ಆಮೆನ್ ಅನ್ನಬೇಕು. ಸುಂದ್ರವ್ವನನ್ನು ಯಾವಾಗಲೂ ಕೊನೆಗೆ ಬಿಡುತ್ತಿದ್ದರು. ಅವಳು ಮೊದಲು ನಿಂತರೆ ಉಳಿದವರಿಗೆ ಕೇಳಲು ಏನೂ ಉಳಿಯುತ್ತಿರಲಿಲ್ಲ. ಆ ವರ್ಷ ಕ್ರಿಸ್‌ಮಸ್ಸಿಗೆ ಹುಡುಗರು ವಂತಿಗೆ ಹಾಕಿ ಸಭೆಗೆ ಒಂದು ಮೈಕು ತಂದಿದ್ದರು. ಸುಂದ್ರವ್ವನ ಗಂಟಲಿಗೆ ಮೈಕು! ಯಾರ ಬುದ್ಧಿಯೋ ಕಾಣೆ.

ಅದೊಂದು ಭಾನುವಾರ. ಆ ವಾರ ಮಯೂರಿ ಗೋಕಾಕದ ದವಾಖಾನೆಗೆ ಹೋಗಿ ತಪಾಸಣೆ ಮಾಡಿಸಿಕೊಂಡು ಬಂದಿದ್ದಳು. ಡಾಕ್ಟರು ಹೇಳಿದ್ದನ್ನು ಗಂಡನನ್ನು ಬಿಟ್ಟರೆ ಅತ್ತೆಗೆ ಮಾತ್ರ ಹೇಳಿದ್ದಳು. ಶೇಂಗಾ ಸುಲಿಯುತ್ತ, ತಗ್ಗಿದ ದನಿಯಲ್ಲಿ, ಹೆತ್ತ ತಾಯಿಗೆ ಹೇಳಿದ ಹಾಗೆ. ಅದನ್ನು ನಾನು ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತ ಮೈಕಿನಲ್ಲಿ ಕೇಳಿದೆ. ನಾನಷ್ಟೇ ಅಲ್ಲ, ಕೇರಿಯೆಲ್ಲ ಕೇಳಿತು.

"ಯೇಸಪ್ಪಾ, ನಮ್ಮ ಮಯೂರಿ ಹೊಟ್ಟ್ಯಾಗ ಎರಡೂ ಕಡೆ ನಳಿ ಮುಚ್ಚ್ಯಾವಂತ. ಗರ್ಭಚೀಲಾನೂ ಸಣ್ಣದಂತ. ಮಯೂರಿ ಅಂದ್ರ ಬಾಳೇಶನ ಹೇಣ್ತಿ, ಅಲ್ಲಪ್ಪನ ಸೊಸಿ, ಈಗ ಖಂಜರಿ ಬಾರಿಸಿದಾಕಿ. ಮೂರನೇ ಸಾಲಿನ್ಯಾಗ ನೀಲಿ ಸೀರಿ ಉಟ್ಟ ಕುಂತಾಳ ನೋಡಪಾ. ಆಕೀದು ಬಂಜಿತನಾ ಬಿಡಸು!"

ಆಮೆನ್ ಸ್ವಲ್ಪ ತಡವಾಗಿ ಬಂತು. ನಾನು ಬೇಲಿಯ ಹತ್ತಿರ ಓಡಿದೆ. ಮಯೂರಿ ಖಂಜರಿಯನ್ನು ಕೆಳಗಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಮನೆಯ ಕಡೆ ನಡೆದು ಹೋಗುತ್ತಿದ್ದಳು. ಮರುದಿನ ಬೆಳಗಿನ ಬಸ್ಸಿಗೆ ಕಣಗಲಾಕ್ಕೆ ಹೊರಟೇಹೋದಳು.

ಸುಂದ್ರವ್ವನಿಗೆ ತಾನು ಮಾಡಿದ್ದೇನೆಂದು ತಿಳಿಯಲೇ ಇಲ್ಲ. ಇದೇ ನನಗೆ ಬೆಂಕಿ ಹತ್ತಿಸಿದ್ದು. ಮುಂದಿನ ಭಾನುವಾರ ಮತ್ತೆ ಮೈಕು ಹಿಡಿದು, ಮುನಿಸಿಕೊಂಡು ಹೋದ ಸೊಸೆಯ ಮನಸ್ಸು ಕರಗಿಸು ಎಂದು ಕಣಗಲಾದ ವಿಳಾಸ ಸಹಿತ ಕೇಳಿಕೊಂಡಳು. ಸೋಮವಾರ ಅಕ್ಕಿ ಆರಿಸುತ್ತ ಕೂತಿದ್ದಾಗ ನಾನು ಸುಮ್ಮನಿರಲಿಲ್ಲ.

"ಸುಂದ್ರವ್ವಾ, ನಿನ್ನ ಯೇಸಪ್ಪ ಏನ್ ಕೆಪ್ಪ ಅದಾನೇನ?"

"ಹಂಗ್ಯಾಕ ಅಂತೀರ್ರಿ ಅಕ್ಕೋರ? ನಾ ಆಕಿಗೆ ಬೈದೇನೇನ್ರಿ? ಒಂದ ಕೆಟ್ಟ ಮಾತ ಆಡೇನೇನ್ರಿ? ದೇವರ ಮುಂದ ಹೇಳೇನಿ."

"ದೇವರ ಮುಂದ ಹೇಳಿದಿ, ಬರೋಬ್ಬರಿ ಐತಿ. ದೇವರ ಹಿಂದ ಇಡೀ ಕೇರಿ ಕುಂತಿತ್ತಲ್ಲ, ಅದು ಕಾಣಲಿಲ್ಲೇನ ನಿನಗ? ನಮ್ಮ ದೀಪಾನ ಸುದ್ದಿ ನೀ ಹಿಂಗ ಮೈಕಿನ್ಯಾಗ ಒದರಿದ್ರ ನಾ ನಿನ್ನ ಕೈಯಾಗಿನ ಸೌಟ ಕಸಗೊಂಡ ಹೊರಗ ಹಾಕ್ತಿದ್ನಿ."

ಅವಳು ನನ್ನ ಮುಖವನ್ನೇ ನೋಡಿದಳು. ಮೊರದಲ್ಲಿದ್ದ ಅಕ್ಕಿಯ ಮೇಲೆ ಕೈ ಹಾಗೇ ನಿಂತಿತು.

ಆಮೇಲೆ ಬಾಳೇಶ ಬಂದ. ಆ ಹುಡುಗ ದನಿ ಎತ್ತಿದ್ದನ್ನು ನಾನು ಕೇಳಿಲ್ಲ, ಅವತ್ತೂ ಎತ್ತಲಿಲ್ಲ. ಅಂಗನವಾಡಿಯ ಹೊಸ್ತಿಲ ಮೇಲೆ ಕೂತು ತಾಯಿಗೆ ಹೇಳಿದ.

"ಅವ್ವಾ, ಕೂಸಿಲ್ಲಂತ ನಾ ಯಾವತ್ತರ ನಿನ್ನ ಮುಂದ ಅತ್ತೇನೇನ? ನಮಗ ಬ್ಯಾಡ ಅಂತಲ್ಲ. ಆಸೆ ಐತಿ. ಆದ್ರ ನಾವಿಬ್ರೂ ನಕ್ಕೋತ ಇದ್ವಿ. ನೀ ಪ್ರಾರ್ಥನಿ ಮಾಡಾಕ ಹತ್ತಿದ ಮ್ಯಾಲ ನಮ್ಮ ಮನ್ಯಾಗ ನಗೂದ ನಿಂತೈತಿ."

ಸುಂದ್ರವ್ವ ಸೌಟನ್ನು ಒಲೆಯ ಪಕ್ಕ ಇಟ್ಟು ಬಂದು ಮಗನ ಎದುರು ಕೂತಳು.

"ಮೂಡಲಗ್ಯಾಗ ಒಂದ ಖೋಲಿ ನೋಡೇನಿ. ಮೇಲವಂಕಿಗೆ ಬರೂದಿಲ್ಲ, ಅಲ್ಲಿಗೆ ಬರ್ತೀನಿ ಅಂದಾಳ ಮಯೂರಿ. ಬರೂ ತಿಂಗಳ ಸಾಮಾನು ಒಯ್ತೀನವಾ" ಎಂದು ಎದ್ದು ಹೋದ.

ಅವತ್ತಿನಿಂದ ಒಲೆಯ ಮುಂದೆ ಮಾತು ನಿಂತಿತು. ಕಿಚಡಿ ಬೇಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮಕ್ಕಳು ಅಡುಗೆಮನೆಗೆ ಇಣುಕಿ, ಆಯಾಗೆ ಜ್ವರ ಬಂದಿದೆಯೇ ಎಂದು ನನ್ನನ್ನು ಕೇಳಿದವು. ಹಿಂದೆಲ್ಲ ಅವಳ ಬಾಯಿ ಮುಚ್ಚಿಸಲು ಎಷ್ಟು ಒದ್ದಾಡಿದ್ದೆನೋ ನಾನು, ಈಗ ಆ ಮೌನ ನನ್ನ ಕೈಲಿ ತಡೆಯಲಾಗಲಿಲ್ಲ.

"ಏನರ ಅನ್ನ, ಮಾರಾಯ್ತಿ. ಮನಸಿನ್ಯಾಗರ ಪ್ರಾರ್ಥನಿ ಮಾಡು" ಎಂದೆ.

"ಏನ್ ಹೇಳಬೇಕಂತ ತಿಳೀವಲ್ದರಿ ಅಕ್ಕೋರ. ಇಷ್ಟ ವರ್ಸ ಬರೇ ಕೇಳೂದೊಂದ ಮಾಡೇನಿ. ಈಗ ಮಯೂರೀನ ತಿರುಗಿ ಕಳಸು ಅಂತ ಕೇಳಾಕ ಬಾಯಿ ಬರವಲ್ದು. ಆಕಿ ಮನ್ಯಾಗ ಇದ್ದಾಗ ನಾ ಆಕೀನ ನೋಡಿದ್ದ ಎಷ್ಟು? ಇಲ್ಲದ ಕೂಸನ್ನ ನೋಡಕೋತ ಕುಂತಿದ್ನಿ." ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಕಣಗಲಾಕ್ಕೆ ಹೋಗಿ ಬಾ ಎಂದು ಹೇಳಿದವನು ಅಲ್ಲಪ್ಪ. ಜನರ ಕಬ್ಬಿನ ಹೊಲಗಳಿಗೆ ನೀರು ಹಾಯಿಸುವ ಮನುಷ್ಯ, ಮಾತಿನಲ್ಲಿ ಬಹಳ ಜಿಪುಣ. ಅವನು ಹೇಳಿದ್ದು ಇಷ್ಟೇ: "ಪ್ರಾರ್ಥನಿ ಒಯ್ಯಬ್ಯಾಡ. ಗುರೆಳ್ಳ ಹಿಂಡಿ ಒಯ್ಯಿ. ಹುಡುಗಿ ಬಾಯಿಗೆ ಅದು ಸೇರತೈತಿ."

ಒಬ್ಬಳೇ ಹೋಗಲು ಅವಳಿಗೆ ಧೈರ್ಯ ಸಾಲದೆ ನನ್ನ ಕೈ ಹಿಡಿದಳು. ನಾನೂ ಹೋದೆ. ಗೋಕಾಕದಲ್ಲಿ ಬಸ್ಸು ಬದಲಿಸಿ, ಹುಕ್ಕೇರಿಯಲ್ಲಿ ಇನ್ನೊಂದು ಹತ್ತಿ, ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಬೆನ್ನಚೀಲದಿಂದ ನಮ್ಮ ಮುಖ ಸವರುತ್ತಿದ್ದುದನ್ನು ಸಹಿಸಿಕೊಂಡು ಪ್ರಯಾಣ. ಹಿಂದೆಲ್ಲ ಬಸ್ಸು ಹತ್ತಿದ ಕೂಡಲೇ ಡ್ರೈವರನ ಹೆಸರು ಕೇಳಿಕೊಂಡು ಅವನಿಗಾಗಿ ಪ್ರಾರ್ಥಿಸುತ್ತಿದ್ದ ಹೆಣ್ಣು, ಅವತ್ತು ಹಿಂಡಿ ಎಂಬ ಆ ಚಟ್ನಿಪುಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

"ಆಕಿ ಒಳಗ ಕರೀಲಿಲ್ಲಂದ್ರ?" ಎಂದು ಒಮ್ಮೆ ಕೇಳಿದಳು.

"ಕರೀಲಿಲ್ಲಂದ್ರ ಹೊರಗ ಕುಂತ ಹಿಂಡಿ ನಾವ ತಿನ್ನೂಣು" ಎಂದೆ. ನಗಲಿಲ್ಲ ಅವಳು.

ಕರೆದರು. ಮಯೂರಿಯ ತಾಯಿ ಕರೆವ್ವ ಒಳ್ಳೆಯ ಹೆಂಗಸು. ಮುಖ ಸ್ವಲ್ಪ ಬಿಗಿಯಾಗಿತ್ತು, ಆದರೆ "ಬರ್ರಿ ಬೀಗರ, ಕೈಕಾಲ ತೊಳಕೋರಿ" ಎಂದು ಬಾಯಿ ತುಂಬ ಕರೆದಳು. ಮಯೂರಿ ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. "ವಂದನಿರಿ ಅತ್ತಿ" ಎಂದಳು, ಕಣ್ಣು ನೆಲದ ಮೇಲಿತ್ತು. ಸೊರಗಿದ್ದಳು ಹುಡುಗಿ. ನನ್ನನ್ನು ಮಾತ್ರ ನೋಡಿ ಸಣ್ಣಗೆ ನಕ್ಕಳು. ಅತ್ತೆ ಬಂದ ಸುದ್ದಿ ತಿಳಿದು ಬಾಜೂ ಮನೆಯ ಇಬ್ಬರು ಹೆಂಗಸರು ಮೊಸರು ಬೇಕೇನೆಂಬ ನೆಪದಲ್ಲಿ ಬಂದು ಗೋಡೆಗೆ ಒರಗಿ ನಿಂತರು. ಎಲ್ಲ ಊರಲ್ಲೂ ಇಂಥವರಿರುತ್ತಾರೆ.

ಮಧ್ಯಾಹ್ನದ ಊಟಕ್ಕೆ ತಾಟು ಹಾಕಿದರು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಆಗಲೇ ಆ ಗಳಿಗೆ ಬಂತು. ಅವರಲ್ಲಿ ರೂಢಿ ಹೀಗೆ: ಮನೆಗೆ ಬಂದ ಹಿರಿಯರು ಪ್ರಾರ್ಥನೆ ಮಾಡದೆ ಯಾರೂ ತುತ್ತು ಎತ್ತುವುದಿಲ್ಲ. ಮನೆಯವರು ಕೇಳಿಕೊಳ್ಳಲೇಬೇಕು, ಬಂದವರು ಒಲ್ಲೆ ಎನ್ನುವ ಹಾಗಿಲ್ಲ. ಕರೆವ್ವ ಮಗಳ ಮುಖ ನೋಡಿದಳು. ಆದರೂ ರೂಢಿ ಬಿಡಲಾಗಲಿಲ್ಲ.

"ನೀವ ದೊಡ್ಡಾರು, ಬೀಗರ. ನೀವ ಪ್ರಾರ್ಥನಿ ಮಾಡ್ರಿ."

ಮಯೂರಿ ಕೈಯಲ್ಲಿದ್ದ ಸೌಟನ್ನು ಸಾರಿನ ಪಾತ್ರೆಗೆ ಬಿಟ್ಟಳು. ಗೋಡೆಗೆ ಒರಗಿದ ಇಬ್ಬರು ಕಿವಿ ನಿಮಿರಿಸಿದರು. ನಾನು ಸುಂದ್ರವ್ವನ ತೊಡೆ ಚಿವುಟಬೇಕೆಂದಿದ್ದೆ, ಅಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. ತಲೆಯ ಮೇಲೆ ಸೆರಗು ಹೊದ್ದು ಕಣ್ಣು ಮುಚ್ಚಿದಳು.

"ಯೇಸಪ್ಪಾ, ನಾ ಮೇಲವಂಕಿ ಸುಂದ್ರವ್ವ. ಇವತ್ತ ಕಣಗಲಾಕ ಬಂದೇನಿ, ತಾಲೂಕ ಹುಕ್ಕೇರಿ, ಮಯೂರಿ ಅಪ್ಪ ರಾಜಪ್ಪಣ್ಣಾರ ಮನಿ."

ಮುಗಿಯಿತು, ಇನ್ನು ಈ ಊರಿಗೂ ಎಲ್ಲ ತಿಳಿಯುತ್ತದೆ ಎಂದುಕೊಂಡೆ.

"ಇವತ್ತ ನಾ ಏನೂ ಕೇಳೂದಿಲ್ಲಪಾ" ಎಂದಳು. ಆ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ, ಮುಂದೆ ಕೂತ ನಮಗಷ್ಟೇ ಕೇಳುವ ದನಿ. "ಇಷ್ಟ ದಿನಾ ಕೊಡು ಕೊಡು ಅಂದ್ನಿ. ಕೊಟ್ಟಿದ್ದರ ಸುದ್ದಿ ಒಂದಿನಾನೂ ಹೇಳಲಿಲ್ಲ. ಇವತ್ತ ಹೇಳ್ತೀನಿ ಕೇಳು. ನನಗ ಕೈಕಾಲ ಹಿಡದ ಜ್ವರಾ ಬಂದಿತ್ತಲ್ಲ, ಆಗ ಮಯೂರಿ ನನ್ನ ತಲಿ ಹಿಕ್ಕಿ ಜಡಿ ಹಾಕಿದ್ಲು. ನನ್ನ ಅವ್ವ ಸತ್ತ ಮ್ಯಾಲ ನನ್ನ ತಲೀಗೆ ಯಾರೂ ಬಾಚಣಿಕಿ ಹಚ್ಚಿರಲಿಲ್ಲ, ನಿನಗ ಗೊತ್ತಿಲ್ಲಪಾ, ನಾ ಆಗ ಗ್ವಾಡಿ ಕಡೆ ಮಾರಿ ಮಾಡಿ ಅತ್ತೇನಿ. ನನ್ನ ಗಂಡ ಅಲ್ಲಪ್ಪ, ನನ್ನ ಕೂಡ ನಾಕ ಮಾತ ಆಡದಾಂವ, ಈಕಿ ಕೂಡ ಕುಂತ ನಗತಿದ್ದ. ಈಕಿ ರೊಟ್ಟಿ ಬಡೀತ ಹಾಡಿದ್ರ ನನಗ ರೊಟ್ಟಿ ತಿನ್ನೂಕಿಂತ ಮೊದಲ ಹೊಟ್ಟಿ ತುಂಬತಿತ್ತು."

ಯಾರೋ ಮೂಗು ಎಳೆದರು. ಕರೆವ್ವ ಇರಬೇಕು.

"ತಾಟ ತುಂಬ ನೀಡಿದ್ದಿ ನೀನು. ನಾ ಉಣ್ಣಲಿಲ್ಲ. ಬರೇ ತಾಟ ಬಡಕೋತ ಕುಂತ್ನಿ. ನನಗ ಈಕಿ ಸಾಕಪಾ. ನಮ್ಮ ಮನಿಗೆ ಈಕಿ ಸಾಕು. ಈಕಿ ಮನಸ ಮುರದೇನಿ. ಅದಕ್ಕ ಕ್ಷಮಾ ನಿನ್ನ ಕೇಳಿದ್ರ ಆಗೂದಿಲ್ಲ, ಆಕೀನ ಕೇಳಬೇಕು. ನೀ ಒಂದೀಟ ನಿಂದ್ರು."

ದೇವರನ್ನು ಹಾಗೆ ನಿಲ್ಲಿಸಿ, ಸುಂದ್ರವ್ವ ಕಣ್ಣು ತೆರೆದು ಸೊಸೆಯ ಕಡೆ ತಿರುಗಿದಳು.

"ತಪ್ಪಾತು ನನ್ನವ್ವಾ. ನೀ ನನ್ನ ಕಿವ್ಯಾಗ ಹೇಳಿದ್ದನ್ನ ನಾ ಊರಿಗೆಲ್ಲಾ ಕೇಳಿಸೇನಿ. ನಿನ್ನ ಬಾಯಿಂದ ನಾ ಅವ್ವಾ ಅನಿಸಿಕೊಳ್ಳಾಕ ಲಾಯಕ ಇಲ್ಲ. ಮೂಡಲಗ್ಯಾಗ ಮನಿ ಮಾಡತಿದ್ರ ಮಾಡ್ರಿ, ನಾ ಅಡ್ಡ ಬರೂದಿಲ್ಲ. ವಾರಕ್ಕೊಮ್ಮೆ ಮಾರಿ ತೋರಿಸಿ ಹೋಗು, ಅಷ್ಟ ಸಾಕು."

ಕರೆವ್ವ ಇನ್ನೂ ಕಣ್ಣು ಮುಚ್ಚಿಕೊಂಡೇ ಆಮೆನ್‌ಗೆ ಕಾಯುತ್ತಿದ್ದಳು. ಗೋಡೆಯ ಹತ್ತಿರದ ಇಬ್ಬರಿಗೆ ಕಣ್ಣು ತೆರೆಯಬೇಕೋ ಬೇಡವೋ ತಿಳಿಯಲಿಲ್ಲ. ಸಾರು ಆರುತ್ತಿತ್ತು. ಮಯೂರಿ ಅತ್ತೆಯನ್ನು ನೋಡಿದಳು.

"ಅತ್ತೀ, ದೇವರನ್ನ ನಿಂದ್ರಿಸಿ ಬಂದೀರ್ರಿ. ಪಾಪ ಅವಗ ಬ್ಯಾರೆ ಕೆಲಸಾ ಇರ್ತಾವ. ಮೊದಲ ಆಮೆನ್ ಅನ್ರಿ."

ಸುಂದ್ರವ್ವನಿಗೆ ಅನ್ನಲಾಗಲಿಲ್ಲ. ನೀನೇ ಅನ್ನು ಎಂಬಂತೆ ಕೈಯಾಡಿಸಿದಳು.

"ಆಮೆನ್" ಎಂದಳು ಮಯೂರಿ. ನಾವೆಲ್ಲ ಅಂದೆವು. ಬೀರಪ್ಪನ ಒಕ್ಕಲಾದ ನಾನೂ ಅಂದೆ, ಸ್ವಲ್ಪ ಗಟ್ಟಿಯಾಗಿಯೇ ಅಂದೆ.

ಸಿನಿಮಾದಲ್ಲಾದರೆ ಅವಳು ಅಂದೇ ನಮ್ಮ ಜೊತೆ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಊಟದಲ್ಲಿ ಹಿಂಡಿಯನ್ನು ಎರಡು ಸಲ ಹಾಕಿಸಿಕೊಂಡು ಚಪ್ಪರಿಸಿ ತಿಂದಳು, ಬಸ್ ನಿಲ್ದಾಣದವರೆಗೂ ಬಂದಳು. ಅಲ್ಲಿ ನಿಂತು, "ಅತ್ತೀ, ನಾ ಇವತ್ತ ಬರೂದಿಲ್ರಿ. ಸಿಟ್ಟ ಇನ್ನೂ ಪೂರಾ ಇಳದಿಲ್ಲ" ಎಂದಳು. ಅವಳ ಈ ನೇರ ಮಾತು ನನಗೆ ಬಹಳ ಹಿಡಿಸಿತು.

"ಇಳಿಯೂತನಕ ಇರು. ಸುಳ್ಳ ನಕ್ಕೋತ ಬರಬ್ಯಾಡ" ಎಂದಳು ಸುಂದ್ರವ್ವ.

ಸಿಟ್ಟು ಇಳಿಯಲು ಕೆಲವು ವಾರ ಹಿಡಿಯಿತು. ಬಾಳೇಶ ಮೂಡಲಗಿಯ ಖೋಲಿಗೆ ಮುಂಗಡ ಕೊಡುವುದನ್ನು ಮುಂದಕ್ಕೆ ಹಾಕುತ್ತ ಬಂದ. ಒಂದು ಸಂಜೆ ಅಂಗನವಾಡಿಗೆ ಬೀಗ ಹಾಕುತ್ತಿದ್ದಾಗ ಅವನ ಬೈಕು ನಮ್ಮ ಮುಂದೆಯೇ ಹಾದು ಹೋಯಿತು, ಹಿಂದೆ ಮಯೂರಿ ಚೀಲ ಹಿಡಿದು ಕೂತಿದ್ದಳು. ಬೈಕು ಮೂಡಲಗಿಯ ಕಡೆಗಲ್ಲ, ಕೇರಿಯೊಳಗೆ ತಿರುಗಿತು. ಸುಂದ್ರವ್ವ ಬೀಗದ ಕೈಯನ್ನು ನನ್ನ ಕೈಗೆ ತುರುಕಿ, ಆ ವಯಸ್ಸಿನಲ್ಲಿ ಓಡಿದಳು. ಓಡುವಾಗ ಅವಳು ದೇವರಿಗೆ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ.

ಈಗ ಅವಳು ಸಭೆಯಲ್ಲಿ ಮೈಕು ಮುಟ್ಟುವುದಿಲ್ಲ. ಯಾರಾದರೂ ಗುಟ್ಟು ಹೇಳಿಕೊಂಡರೆ ಅವರನ್ನು ಒಳಗೆ ಕರೆದು, ಬಾಗಿಲು ಹಾಕಿ, ಅವರ ಕಿವಿಯ ಹತ್ತಿರ ಪ್ರಾರ್ಥಿಸುತ್ತಾಳೆ. ಒಲೆಯ ಮುಂದಿನ ಮಾತು ಮಾತ್ರ ಮೊದಲಿನ ಹಾಗೆಯೇ ಶುರುವಾಗಿದೆ. ಎಮ್ಮೆ, ಬೋರು, ಮೊಣಕಾಲು ಎಲ್ಲ ಇದೆ. ಮಯೂರಿಗೆ ಮಕ್ಕಳಾಗಿಲ್ಲ. ಆಗುತ್ತವೋ ಇಲ್ಲವೋ ನನಗೆ ಗೊತ್ತಿಲ್ಲ. ಕೂಸು ಕೇಳುವುದನ್ನು ಬಿಟ್ಟೆಯಾ ಎಂದು ಒಮ್ಮೆ ಕೆಣಕಿದೆ.

"ಯಾಕ ಬಿಡ್ಲಿರಿ? ಮಯೂರೀನ ಕೇಳೇನಿ, ಕೇಳಲೇನವಾ ಅಂತ. ಮನ್ಯಾಗ ಕೇಳ್ರಿ ಅತ್ತಿ, ಸಣ್ಣ ದನೀಲೆ ಕೇಳ್ರಿ ಅಂದಾಳ. ಆದ್ರ ಮೊದಲ ಕೊಟ್ಟಿದ್ದರ ಸುದ್ದಿ ಹೇಳಬೇಕಲ್ರಿ. ಅದನ್ನ ಹೇಳಿ ಮುಗಿಸೂದ್ರಾಗ ಖರೇ ಹೇಳ್ತೀನಿ ಅಕ್ಕೋರ, ಕೇಳೂದ ಮರತ ನಿದ್ದಿ ಹತ್ತಿರ್ತೈತಿ" ಎಂದಳು. ಮುಖದ ತುಂಬ ನಗು.

ಮೊನ್ನೆ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆವು, ನಾನು, ಸುಂದ್ರವ್ವ, ಮಯೂರಿ. ಮದುವೆಗೆಂದು ಬೇರೆ ಊರಿನಿಂದ ಬಂದ ಒಬ್ಬ ಹಿರಿಯ ಹೆಂಗಸು ಸಾಲಿನಲ್ಲಿ ನಿಂತಿದ್ದಳು. ಸುಂದ್ರವ್ವನ ಹಳೆಯ ಪರಿಚಯ. ಅದೂ ಇದೂ ಮಾತಾಡಿ, ಮಯೂರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಲಗ್ನ ಆಗಿ ಇಷ್ಟ ವರ್ಸ ಆತು, ನಿಮ್ಮ ಮನ್ಯಾಗ ಇನ್ನೂ ಏನೂ ಇಲ್ಲೇನ ಸುಂದ್ರವ್ವಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ನನ್ನ ಬಾಯಿಯಲ್ಲಿ ಬೈಗುಳ ಸಿದ್ಧವಾಗಿತ್ತು.

ಸುಂದ್ರವ್ವ ನನಗೆ ಅವಕಾಶ ಕೊಡಲಿಲ್ಲ. ಆ ಹೆಂಗಸಿಗೆ ನಿಜವಾಗಿಯೂ ಗೊತ್ತಿಲ್ಲವೇನೋ, ಪಾಪ ತಿಳಿಸಿ ಹೇಳಬೇಕು ಎಂಬ ದನಿಯಲ್ಲಿ ಹೇಳಿದಳು.

"ಏನೂ ಇಲ್ಲ ಅಂತ ಯಾರ ಹೇಳಿದ್ರವಾ? ನಮ್ಮ ಮಯೂರಿ ಅದಾಳಲ್ಲ!"

ಮಯೂರಿ ಅತ್ತೆಯ ಕಂಕುಳಲ್ಲಿದ್ದ ಬಿಸಿ ಹಿಟ್ಟಿನ ಡಬ್ಬಿಯನ್ನು ತೆಗೆದು ತನ್ನ ತಲೆಯ ಮೇಲಿಟ್ಟುಕೊಂಡಳು. "ನಡೀ ಅವ್ವಾ, ಹೊತ್ತಾತು" ಎಂದು ಮುಂದೆ ನಡೆದಳು.